ದಾಳ ಎಣಿಸಿಡಿ

ಸೋಮವಾರ ಬೆಳಿಗ್ಗೆ ಚಿಕಿತ್ಸಾಲಯದ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಐದು ಜನ ಹುಡುಗ ಹುಡುಗಿಯರು ಕುಳಿತಿದ್ದರು. ನಡುವೆ ಒಂದು ಲ್ಯಾಬ್ರಡಾರ್. ಆ ಗುಂಪಿನಲ್ಲಿ ರಾತ್ರಿ ನಿದ್ದೆ ಮಾಡಿದ ಲಕ್ಷಣ ಇದ್ದದ್ದು ಅದೊಂದಕ್ಕೇ.

"ಮೇಡಂ, ಇಪ್ಪತ್ತು ಮುಖದ ದಾಳ ಕಾಣಿಸುತ್ತಿಲ್ಲ. ಇವನೇ ನುಂಗಿದ್ದಾನೆ" ಎಂದ ಒಬ್ಬ.

"ಇಪ್ಪತ್ತಲ್ಲ, ಹನ್ನೆರಡು ಮುಖದ್ದು" ಎಂದಳು ಪಕ್ಕದವಳು.

ಯಾವಾಗ ನುಂಗಿದ ಎಂದು ಕೇಳಿದೆ. ಶನಿವಾರ ರಾತ್ರಿ ಎಂದರು ಇಬ್ಬರು, ಭಾನುವಾರ ಮಧ್ಯಾಹ್ನದ ಊಟದ ನಂತರ ಎಂದರು ಇನ್ನಿಬ್ಬರು. ಎಷ್ಟು ನುಂಗಿದ? ಒಂದು, ಹೆಚ್ಚೆಂದರೆ ಎರಡು. ನುಂಗಿದ್ದನ್ನು ಕಣ್ಣಾರೆ ಕಂಡವರು ಯಾರು? ಯಾರೂ ಇಲ್ಲ. ನಾಯಿ ಮಾತ್ರ ಬಾಲ ಆಡಿಸಿಕೊಂಡು ನನ್ನ ಚೀಲ ಮೂಸುತ್ತಿತ್ತು.

ಮೈಸೂರಿನಲ್ಲಿ ನಾಯಿ ಬೆಕ್ಕುಗಳಿಗೆ ಚಿಕಿತ್ಸೆ ಕೊಡುತ್ತ ಇಪ್ಪತ್ತೆರಡು ವರ್ಷಗಳಾದವು. ನನ್ನ ಕೆಲಸದ ಅರ್ಧ ಭಾಗ ಮೂರು ಪ್ರಶ್ನೆಗಳಲ್ಲಿದೆ: ಏನು, ಎಷ್ಟು, ಯಾವಾಗ. ವಾರಾಂತ್ಯ ನೆಂಟರಿಷ್ಟರು ಬಂದು ಹೋದ ಮನೆಗಳಿಂದ ಬರುವ ಪ್ರಾಣಿಗಳ ವಿಷಯದಲ್ಲಿ ಈ ಮೂರಕ್ಕೂ ಉತ್ತರ ಸಿಗುವುದು ಅಪರೂಪ. ಅದರಲ್ಲೂ ಈ ಹುಡುಗರಂತೆ ದಾಳ ಉರುಳಿಸಿ, ಪಾತ್ರ ವಹಿಸಿ ಮೇಜಿನಾಟ ಆಡುವ ಮನೆಗಳಲ್ಲಂತೂ ಎರಡು ದಿನ ಎಲ್ಲರ ಗಮನವೂ ಒಂದೇ ಮೇಜಿನ ಮೇಲಿರುತ್ತದೆ. ಮೇಜಿನ ಕೆಳಗೆ ಏನಾಗುತ್ತಿದೆ ಎಂದು ನೋಡುವವರೇ ಇರುವುದಿಲ್ಲ.

ಆಟ ಯಾವುದೆಂದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನಾನು ಪುತ್ತೂರಿನ ಕಡೆಯವಳು. ಮಗಳು ಇದನ್ನು ವಿವರಿಸಿದಾಗ ನನಗೆ ಮೊದಲು ಹೊಳೆದದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬರು ಕರ್ಣ, ಇನ್ನೊಬ್ಬರು ಕೃಷ್ಣ. ಮಾತು ಆ ಕ್ಷಣಕ್ಕೆ ಹುಟ್ಟಬೇಕು. ಇಲ್ಲಿಯೂ ಹಾಗೆಯೇ. ಕಥೆ ನಡೆಸಲು ಒಬ್ಬರು, ಉಳಿದವರು ಮಾಟಗಾತಿಯೋ ಕಳ್ಳನೋ ಬಿಲ್ಲುಗಾರನೋ ಆಗಿ ಮಾತಿಗಿಳಿಯುತ್ತಾರೆ. ಒಂದೇ ವ್ಯತ್ಯಾಸ: ತಾಳಮದ್ದಳೆಯಲ್ಲಿ ಕರ್ಣ ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದಂತೆ ಸಾಯಲೇಬೇಕು, ಇಲ್ಲಿ ಅದನ್ನು ದಾಳ ತೀರ್ಮಾನಿಸುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಿಂದ ಈ ಬಗೆಯ ಆಟಗಳು ಹಬ್ಬಿದವು. ಮುಮ್ಮಡಿ ಕೃಷ್ಣರಾಜ ಒಡೆಯರಂಥ ಮಣೆಯಾಟದ ಹುಚ್ಚಿನ ದೊರೆ ಆಳಿದ ಊರಿಗೆ ಇನ್ನೊಂದು ಆಟ ಬಂದರೆ ಆಶ್ಚರ್ಯವೇನೂ ಇಲ್ಲ.

ಪಶುವೈದ್ಯೆಯ ಕಣ್ಣಿಗೆ ಮುಖ್ಯವಾದದ್ದು ದಾಳಗಳ ಲೆಕ್ಕ. ಒಂದು ಸೆಟ್ಟಿನಲ್ಲಿ ಸಾಮಾನ್ಯವಾಗಿ 7 ಇರುತ್ತವೆ: 4, 6, 8, 12, 20 ಮುಖದವು ಒಂದೊಂದು, 10 ಮುಖದವು ಎರಡು. ಐವರು ಆಡಲು ಕುಳಿತರೆ ಮೇಜಿನ ಮೇಲೆ 35. ಉರುಳುವುದು ಅವುಗಳ ಸ್ವಭಾವ, ಉರುಳಿದ್ದನ್ನು ಅಟ್ಟಿಸಿಕೊಂಡು ಹೋಗುವುದು ನಾಯಿಯ ಸ್ವಭಾವ. ಚೌಕಾಬಾರದ ಕವಡೆ, ಹುಣಸೆಬೀಜ ನುಂಗಿದ ನಾಯಿಮರಿಗಳನ್ನು ನಾನು ಬಹಳ ಹಿಂದಿನಿಂದಲೂ ಕಂಡಿದ್ದೇನೆ. ಇದು ಅದರ ಹೊಸ ಅವತಾರ.

ಆ ಲ್ಯಾಬ್ರಡಾರ್‌ಗೆ ಎಕ್ಸ್-ರೇ ತೆಗೆಯುವಾಗ ನಾನು ಮಾಡಿದ ಮೊದಲ ಕೆಲಸ, ಅವರು ತಂದಿದ್ದ ಸೆಟ್ಟಿನಲ್ಲಿ ಉಳಿದಿದ್ದ ಆರು ದಾಳಗಳನ್ನು ನಾಯಿಯ ಹೊಟ್ಟೆಯ ಪಕ್ಕದಲ್ಲಿ ಸಾಲಾಗಿ ಇಟ್ಟದ್ದು. ಹುಡುಗರು ನಕ್ಕರು. ಚಿತ್ರ ಬಂದಾಗ ನಗು ನಿಂತಿತು. ಹೊರಗೆ, ಬರಿಯ ಗಾಳಿಯಲ್ಲಿ ಇಟ್ಟ ಆರೂ ಮಸುಕು ಮಸುಕಾಗಿ, ಬೂದಿಯಲ್ಲಿ ಬೆರಳೂರಿದ ಗುರುತಿನಂತೆ ಕಂಡವು. ಹೊರಗೇ ಇಷ್ಟು ಮಸುಕಾದರೆ ಹೊಟ್ಟೆಯೊಳಗೆ ಅನ್ನ, ನೀರು, ಗಾಳಿಯ ನಡುವೆ ಏಳನೆಯದು ಕಾಣುವುದು ಹೇಗೆ? ಪ್ಲಾಸ್ಟಿಕ್, ರೆಸಿನ್ ದಾಳಗಳ ತೊಂದರೆಯೇ ಇದು. ಎಕ್ಸ್-ರೇಯಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನುವಂತಿಲ್ಲ. ಹಾಗಾಗಿ ಏನಾದರೂ ನುಂಗಿದ ಅನುಮಾನವಿದ್ದರೆ ಅದರ ಜೊತೆಯದೊಂದನ್ನು ವೈದ್ಯರ ಬಳಿಗೆ ತನ್ನಿ. ಅಲ್ಟ್ರಾಸೌಂಡ್ ಬೇಕೇ, ಕಾಯಬಹುದೇ ಎಂಬ ತೀರ್ಮಾನಕ್ಕೆ ಅದು ಬಹಳ ಸಹಾಯ ಮಾಡುತ್ತದೆ.

ದೊಡ್ಡ ನಾಯಿಯ ಹೊಟ್ಟೆಯಿಂದ ಎರಡು ಸೆಂಟಿಮೀಟರಿನ ದಾಳ ಹೆಚ್ಚಾಗಿ ತಾನಾಗಿಯೇ ಹೊರಬರುತ್ತದೆ. ಎರಡು ಮೂರು ದಿನ ಮಲವನ್ನು ಕೆದಕಿ ನೋಡುವ ಕೆಲಸ ಮನೆಯವರದು. ಶಿಟ್ಜೂ, ಪೊಮೆರೇನಿಯನ್‌ನಂಥ ಪುಟ್ಟ ನಾಯಿಗಳ, ಬೆಕ್ಕುಗಳ ಕರುಳಿಗೆ ಅದೇ ದಾಳ ಬಿರಡೆಯಾಗುತ್ತದೆ. ಮೇಲಿಂದ ಮೇಲೆ ವಾಂತಿ, ಊಟ ಮುಟ್ಟದಿರುವುದು, ಬೆನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುವುದು ಕಂಡರೆ ನಾಳೆಗೆಂದು ಕಾಯಬೇಡಿ.

ಲೋಹದ ದಾಳದ ಕಥೆ ಬೇರೆ. ಎಕ್ಸ್-ರೇಯಲ್ಲಿ ಚುಕ್ಕಿಯಂತೆ ಹೊಳೆಯುತ್ತದೆ, ಹುಡುಕುವ ಶ್ರಮವಿಲ್ಲ. ಆದರೆ ಅವು ಹೆಚ್ಚಾಗಿ ಸತುವಿನ ಮಿಶ್ರಲೋಹದವು. ಜಠರದ ಆಮ್ಲಕ್ಕೆ ಸತು ಕರಗುತ್ತದೆ, ರಕ್ತಕ್ಕೆ ಸೇರಿ ಕೆಂಪು ಕಣಗಳನ್ನು ಒಡೆಯುತ್ತದೆ. ಒಸಡು ಬಿಳಿಚಿಕೊಂಡು ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುವ ಹೊತ್ತಿಗೆ ರೋಗ ಮುಂದುವರಿದಿರುತ್ತದೆ. ಅದು ತಾನಾಗಿ ಹೊರಬರಲಿ ಎಂದು ಜಠರದಲ್ಲೇ ಬಿಟ್ಟು ಕೂರುವಂತಿಲ್ಲ. ಮೇಜಿನ ಮೇಲೆ ರಂಗೇರಲೆಂದು ಇಡುವ ಬ್ಯಾಟರಿ ದೀಪಗಳೂ ಅಷ್ಟೇ. ಅವುಗಳೊಳಗಿನ ಗುಂಡಿಯಾಕಾರದ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಆಳವಾಗಿ ಸುಡಬಲ್ಲದು. ಅಲ್ಲಿ ವಾಂತಿ ಮಾಡಿಸುವುದೂ ತಪ್ಪು.

ಬೆಕ್ಕಿರುವ ಮನೆಯಲ್ಲಿ ನನಗೆ ದಾಳಕ್ಕಿಂತ ದಾಳದ ಚೀಲದ ಭಯ ಹೆಚ್ಚು. ಮಖಮಲ್ಲಿನ ಪುಟ್ಟ ಚೀಲ, ಬಾಯಿಗೆ ಎಳೆದು ಕಟ್ಟುವ ದಾರ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ಸೀರೆಯ ನೆರಿಗೆಯಂತೆ ಮಡಚಿಕೊಂಡು ಕೊನೆಗೆ ದಾರವೇ ಅದನ್ನು ಕೊಯ್ಯುತ್ತದೆ. ಬಾಯಿಯಲ್ಲಾಗಲಿ ಹಿಂದೆಯಾಗಲಿ ದಾರದ ತುದಿ ಕಂಡರೆ ದಯವಿಟ್ಟು ಎಳೆಯಬೇಡಿ. ಎಳೆದು ತಂದವರ ಬೆಕ್ಕನ್ನು ನಾನು ಹೊಲಿದಿದ್ದೇನೆ; ಎಲ್ಲವೂ ಉಳಿದಿಲ್ಲ.

ಇನ್ನು ಊಟ. ಎರಡು ದಿನದ ಆಟವೆಂದರೆ ಪಾತ್ರೆ ತುಂಬ ಪುಳಿಯೋಗರೆ, ಈರುಳ್ಳಿ ಬಜ್ಜಿ, ಅತಿಥಿಗಳು ತಂದ ಚಾಕೊಲೇಟ್. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ಹಳೆಯ ಸಂಗತಿ. ಯಾಕೆ ಎಂಬುದಕ್ಕೆ 2021ರಲ್ಲಿ ಅಮೆರಿಕದ ಪಶುವೈದ್ಯರು ಟಾರ್ಟಾರಿಕ್ ಆಮ್ಲದತ್ತ ಬೆರಳು ತೋರಿಸಿದರು. ಆ ಆಮ್ಲ ಹೇರಳವಾಗಿರುವುದು ನಮ್ಮ ಹುಣಸೆಹಣ್ಣಿನಲ್ಲಿ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವರದಿಗಳೂ ಇವೆ. ಸಾರಿನ ಅನ್ನ ತಿಂದು ಬೆಳೆದ ನಾಯಿಗಳು ನಮ್ಮಲ್ಲಿ ಸಾವಿರಾರು ಇವೆಯಲ್ಲ ಎಂದು ಕೇಳುತ್ತೀರಿ. ಇವೆ. ತಿಳಿಸಾರಿನ ಒಂದು ತುತ್ತು ಬೇರೆ, ತಟ್ಟೆಯಲ್ಲಿ ಬಿಟ್ಟ ಪುಳಿಯೋಗರೆ ಗೊಜ್ಜನ್ನು ನೆಕ್ಕಿ ಮುಗಿಸುವುದು ಬೇರೆ.

ಚಾಕೊಲೇಟಿಗೆ ಲೆಕ್ಕ ಹಾಕಬಹುದು. ಅದರಲ್ಲಿ ನಾಯಿಗೆ ವಿಷವಾಗುವ ಅಂಶ ಥಿಯೋಬ್ರೋಮಿನ್; 100 ಗ್ರಾಂ ಹಾಲಿನ ಚಾಕೊಲೇಟಿನಲ್ಲಿ ಅದು ಸುಮಾರು 200 ಮಿಲಿಗ್ರಾಂ. 10 ಕೆಜಿ ನಾಯಿ ಅಷ್ಟನ್ನೂ ತಿಂದರೆ ಕೆಜಿಗೆ 20 ಮಿಲಿಗ್ರಾಂ ಆಯಿತು. ವಾಂತಿ, ಭೇದಿ, ಚಡಪಡಿಕೆ ಶುರುವಾಗುವ ಮಟ್ಟ ಅದು. ಕಪ್ಪು ಚಾಕೊಲೇಟ್ ಆದರೆ ಅದೇ 100 ಗ್ರಾಂನಲ್ಲಿ 500 ಮಿಲಿಗ್ರಾಂ ದಾಟುತ್ತದೆ. ಕೆಜಿಗೆ 50, ಅಂದರೆ ಹೃದಯದ ಬಡಿತ ತಪ್ಪುವ ಮಟ್ಟ. ಆದ್ದರಿಂದ ಹೊದಿಕೆ ಕಾಗದವನ್ನು ಎಸೆಯದೆ ತನ್ನಿ. ಈರುಳ್ಳಿಯದು ಮೋಸದ ವಿಷ. ಬೆಕ್ಕಿಗೆ ಕೆಜಿಗೆ 5 ಗ್ರಾಂ ಸಾಕು, ನಾಯಿಗೆ 15ರಿಂದ 30. ಬೇಯಿಸಿದರೂ ಕರಿದರೂ ವಿಷ ಹೋಗುವುದಿಲ್ಲ. ಭಾನುವಾರ ತಿಂದದ್ದಕ್ಕೆ ಬುಧವಾರವೋ ಗುರುವಾರವೋ ಸುಸ್ತು ಕಾಣಿಸಿಕೊಳ್ಳುತ್ತದೆ, ಆಗ ಬಜ್ಜಿಯ ನೆನಪು ಯಾರಿಗೂ ಇರುವುದಿಲ್ಲ. ತಿಂದು ಎರಡು ಗಂಟೆಯೊಳಗೆ ಕರೆತಂದರೆ ಬಹಳ ಸಲ ನಾವು ಮದ್ದು ಕೊಟ್ಟು ವಾಂತಿ ಮಾಡಿಸಬಹುದು. ಮನೆಯಲ್ಲೇ ಉಪ್ಪುನೀರು ಕುಡಿಸುವ ಪ್ರಯೋಗ ಬೇಡ. ಆ ಉಪ್ಪೇ ವಿಷವಾದ ನಾಯಿಗಳಿವೆ.

ಅತಿಥಿಗಳ ಚೀಲಗಳೂ ಅಡುಗೆಮನೆಯಷ್ಟೇ ಅಪಾಯದವು. ನೆಲದ ಮೇಲಿಟ್ಟ ಬ್ಯಾಗಿನಲ್ಲಿ ಸಕ್ಕರೆರಹಿತ ಚ್ಯೂಯಿಂಗ್ ಗಮ್ (ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುವಂಥದ್ದು ನಾಯಿಯ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಇಳಿಸಬಲ್ಲದು), ತಲೆನೋವಿಗೆಂದು ಇಟ್ಟುಕೊಂಡ ಪ್ಯಾರಾಸಿಟಮಾಲ್. ಈ ಮಾತ್ರೆ ಒಂದೇ ಒಂದು ಸಾಕು, ಬೆಕ್ಕು ಸಾಯಬಹುದು. ನಮ್ಮ ಮನೆಯಲ್ಲಿ ಬಂದವರ ಚೀಲಗಳೆಲ್ಲ ಬೀರುವಿರುವ ಕೋಣೆಗೆ ಹೋಗುತ್ತವೆ, ಬಾಗಿಲು ಹಾಕುತ್ತೇವೆ. ಯಾರೂ ಬೇಸರಿಸಿಕೊಂಡಿಲ್ಲ.

ಮಗಳು ಮೊದಲ ಸಲ ಗೆಳೆಯರನ್ನು ಕರೆದಾಗ ನಾನೇ ಎಡವಿದೆ ಎಂಬುದನ್ನೂ ಹೇಳಬೇಕು. ವಿಷದ್ದೆಲ್ಲ ನೋಡಿಕೊಂಡಿದ್ದೆ. ರಾತ್ರಿ ಹನ್ನೊಂದಕ್ಕೆ ಕಥೆ ನಡೆಸುವ ಹುಡುಗ ಸ್ಪೀಕರಿನಲ್ಲಿ ಗುಡುಗು ಸಿಡಿಲಿನ ಶಬ್ದ ಹಾಕಿದ. ಮೇಜಿನ ಸುತ್ತ ರೋಮಾಂಚನ. ನಮ್ಮ ಕರಿಯ, ಹನ್ನೊಂದು ವರ್ಷದ ಬೀದಿನಾಯಿ, ಮುಂಗಾರಿನ ಗುಡುಗಿಗೇ ಸ್ನಾನದ ಮನೆ ಸೇರುವವನು, ಅಂದು ತೆರೆದಿದ್ದ ಮುಂಬಾಗಿಲಿನಿಂದ ಹೊರಗೆ ಓಡಿದ. ಯಾರೋ ಫೋನಿನಲ್ಲಿ ಮಾತಾಡಲು ಹೊರಗೆ ಹೋಗಿ ಚಿಲಕ ಹಾಕಿರಲಿಲ್ಲ. ಮಾಟಗಾತಿ, ಕಳ್ಳ, ಬಿಲ್ಲುಗಾರ ಎಲ್ಲರೂ ಟಾರ್ಚ್ ಹಿಡಿದು ಎರಡು ರಸ್ತೆ ಹುಡುಕಿದ ಮೇಲೆ ಹಾಲಿನ ಬೂತಿನ ಕೆಳಗೆ ಸಿಕ್ಕಿದ.

ಅಂದಿನಿಂದ ನಮ್ಮ ಮನೆಯಲ್ಲಿ ಗುಡುಗು ಬಾಯಿಮಾತಿನಲ್ಲೇ. ತಾಳಮದ್ದಳೆಯಲ್ಲಿ ಮಾತಿನಲ್ಲೇ ಪಾತ್ರ ಕಟ್ಟುವ ಅರ್ಥಧಾರಿಗೆ ಸ್ಪೀಕರ್ ಯಾಕೆ ಬೇಕು? ಆಟದ ಕೋಣೆಯಿಂದ ದೂರದ ಒಂದು ಕೋಣೆ ಕರಿಯನದು. ನಾಯಿಗೆ ದಿನಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ ನಿದ್ದೆ ಬೇಕು, ಎರಡು ರಾತ್ರಿ ಕೆಟ್ಟರೆ ಅದರ ಸಹನೆಯೂ ಕೆಡುತ್ತದೆ. ಅಂಥ ಹೊತ್ತಿನಲ್ಲಿ ತಲೆ ಸವರಲು ಹೋದ ಅತಿಥಿಗೆ ಹಲ್ಲು ತಾಗಿದರೆ "ಮನೆಯ ನಾಯಿ ತಾನೇ" ಎಂದು ಸುಮ್ಮನಾಗಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಕಳುಹಿಸಿ. ಗಂಡು ಬೆಕ್ಕಿದ್ದರೆ ಇನ್ನೊಂದು ಎಚ್ಚರ ಬೇಕು. ಅಪರಿಚಿತರ ಗದ್ದಲಕ್ಕೆ ಹೆದರಿ ಮಂಚದ ಕೆಳಗೆ ಸೇರಿದ ಬೆಕ್ಕಿಗೆ ಮೂತ್ರಕೋಶದ ಉರಿಯೂತ ಬರುವುದುಂಟು, ಮೂತ್ರನಾಳ ಕಟ್ಟಿಕೊಳ್ಳುವುದೂ ಉಂಟು. ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕಿ ಒಂದು ಹನಿಯೂ ಹಾಕದಿದ್ದರೆ ಅದನ್ನು ಮಲಬದ್ಧತೆ ಎಂದುಕೊಳ್ಳುವವರೇ ಹೆಚ್ಚು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸ್ಥಿತಿ ಅದು, ರಾತ್ರಿಯಾದರೂ ಹೊರಡಬೇಕು. ಟ್ರೇ ಜನ ಓಡಾಡದ ಕಡೆ ಇರಲಿ, ದಿನಕ್ಕೆರಡು ಸಲ ಯಾರಾದರೂ ಅದರೊಳಗೆ ಇಣುಕಲಿ.

ಆ "ಯಾರಾದರೂ" ಎಂಬಲ್ಲೇ ಮನೆಗಳು ಎಡವುತ್ತವೆ. ಈಗ ಮಗಳ ಗುಂಪು ಆಟದ ಸರದಿಯ ಪಟ್ಟಿಯಲ್ಲೇ ಒಂದು ಸಾಲು ಸೇರಿಸಿದೆ: ಈ ಹೊತ್ತಿಗೆ ಬಾಗಿಲು, ತಟ್ಟೆ, ಪ್ರಾಣಿಗಳ ಹೊಣೆ ಯಾರದು. ಒಬ್ಬರ ಹೆಸರು, ಎರಡು ಗಂಟೆ, ಆಮೇಲೆ ಇನ್ನೊಬ್ಬರು. ಪ್ರತಿ ಸಲ ಏಳುವ ಮುಂಚೆ ದಾಳ ಎಣಿಸಿ ಮುಚ್ಚಳವಿರುವ ಸ್ಟೀಲ್ ಡಬ್ಬಿಗೆ ಹಾಕುತ್ತಾರೆ. 35 ಬಂದರೆ ದೀಪ ಆರಿಸುತ್ತಾರೆ. 34 ಬಂದರೆ ಆಗಲೇ ಹುಡುಕುತ್ತಾರೆ, ಆಗಲೇ ನನ್ನನ್ನು ಎಬ್ಬಿಸುತ್ತಾರೆ.

ಸೋಮವಾರದ ಆ ಲ್ಯಾಬ್ರಡಾರ್ ವಿಷಯ ಅಷ್ಟಕ್ಕೇ ಬಿಟ್ಟಿದ್ದೆ. ಎಕ್ಸ್-ರೇಯಲ್ಲಿ ದಾಳ ಕಾಣಲಿಲ್ಲ, ಆದರೆ ಜಠರದಲ್ಲಿ ಅಂಚು ನೆರಿಗೆಗಟ್ಟಿದ ಒಂದು ಬಿಳಿ ವೃತ್ತ ಸ್ಪಷ್ಟವಾಗಿ ಕಂಡಿತು. ಸೋಡಾ ಬಾಟಲಿಯ ತಗಡಿನ ಮುಚ್ಚಳ. ಅದು ಕಳೆದಿದೆ ಎಂದು ಐವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಎಂಡೋಸ್ಕೋಪ್ ಇಳಿಸಿ ತೆಗೆದೆವು. ದಾಳ ಗುರುವಾರ ಸಿಕ್ಕಿತಂತೆ, ಬೆಂಗಳೂರಿಗೆ ಮರಳಿದ್ದ ಗೆಳೆಯನ ಚೀಲದಲ್ಲಿ. ಹನ್ನೆರಡು ಮುಖದ್ದೇ.