ಅಂಗಿ ಕದ್ದ ಹುಡುಗನಿಗೆ ಆಸ್ಟ್ರೇಲಿಯಾದ ದಾರಿ

1783ರ ಡಿಸೆಂಬರ್, ಲಂಡನ್ನಿನ ಓಲ್ಡ್ ಬೇಲಿ ಕೋರ್ಟು. ಕಟಕಟೆಯಲ್ಲಿ ಜಾನ್ ಹಡ್ಸನ್ ಎಂಬ ಹುಡುಗ. ವಯಸ್ಸೆಷ್ಟು ಅಂದರೆ, ಒಂಬತ್ತು ನಡೀತಿದೆ ಅಂದ. ಕೆಲಸ? ಆಗೊಮ್ಮೆ ಈಗೊಮ್ಮೆ ಹೊಗೆಗೂಡು ಗುಡಿಸೋದು. ಅಪ್ಪ ಅಮ್ಮ? ಸತ್ತುಹೋಗಿದ್ದಾರೆ. ಯಾವಾಗ? ಗೊತ್ತಿಲ್ಲ.

ಕದ್ದ ಮಾಲು: ಒಂದು ಅಂಗಿ, ಐದು ರೇಷ್ಮೆ ಕಾಲುಚೀಲ, ಒಂದು ಪಿಸ್ತೂಲು, ಎರಡು ಏಪ್ರನ್. ಆ ಮನೆಯ ಮೇಜಿನ ಮೇಲೆ ಮಸಿ ಮೆತ್ತಿದ ಪುಟ್ಟ ಕಾಲ್ಬೆರಳುಗಳ ಗುರುತು ಉಳಿದಿತ್ತು. ಅದನ್ನು ಕಾಗದದ ಮೇಲೆ ಇಳಿಸಿಕೊಂಡಿದ್ದರು. ಮಗುವಿನ ಕಾಲು ಅಂತ ಗೊತ್ತಾಗೋಕೆ ಅಷ್ಟು ಸಾಕಲ್ವಾ? ಆದರೂ ಏಳು ವರ್ಷ ಗಡೀಪಾರು.

ನಮಗೆ ಇದು ಕ್ರೌರ್ಯ. ಆ ಕಾಲಕ್ಕೆ ಇದು ಕನಿಕರ. ಏಳು ದಾಟಿದ ಮಗುವನ್ನು ವಿಚಾರಣೆಗೆ ನಿಲ್ಲಿಸಬಹುದಿತ್ತು. ಇನ್ನೂರಕ್ಕೂ ಜಾಸ್ತಿ ಅಪರಾಧಗಳಿಗೆ ಗಲ್ಲಿತ್ತು. ಬಟ್ಟೆ ಆಗ ದುಬಾರಿ ಮಾಲು, ಹಳೇ ಅಂಗಿಗೂ ಗಿರವಿ ಅಂಗಡಿಯಲ್ಲಿ ಕಾಸು ಸಿಗುತ್ತಿತ್ತು. ಹಸಿದ ಮಕ್ಕಳು ಬಟ್ಟೆಗೇ ಕೈ ಹಾಕುತ್ತಿದ್ದರು.

1718ರ ಕಾನೂನಿನ ನಂತರ ಬ್ರಿಟನ್ ತನ್ನ ಕೈದಿಗಳನ್ನು ಅಮೆರಿಕಕ್ಕೆ ಸಾಗಹಾಕುತ್ತಿತ್ತು. 1775ರಲ್ಲಿ ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು. ಜೈಲುಗಳು ತುಂಬಿದವು. ಥೇಮ್ಸ್ ನದಿಯಲ್ಲಿ ನಿಂತ ಹಳೇ ಹಡಗುಗಳಿಗೇ ಕೈದಿಗಳನ್ನು ತುರುಕಿದರು. ಕೊನೆಗೆ 1787ರ ಮೇ 13ರಂದು ಹನ್ನೊಂದು ಹಡಗುಗಳು ಆಸ್ಟ್ರೇಲಿಯಾಕ್ಕೆ ಹೊರಟವು. ಅದರಲ್ಲಿ ಹಡ್ಸನ್ನೂ ಇದ್ದ. ಮುಂದೆ ನಾರ್ಫೋಕ್ ದ್ವೀಪದಲ್ಲಿ ರಾತ್ರಿ ಒಂಬತ್ತರ ನಂತರ ಗುಡಿಸಲಿನಿಂದ ಹೊರಗಿದ್ದ ಎಂಬ ತಪ್ಪಿಗೆ ಅವನಿಗೆ 50 ಚಾಟಿ ಏಟು ಬಿತ್ತು.

ಮೇರಿ ವೇಡ್ ಎಂಬ ಹುಡುಗಿಯ ಕಥೆ ಬೇರೆ ದಿಕ್ಕು ಹಿಡಿಯಿತು. ತನಗಿಂತ ಚಿಕ್ಕ ಹುಡುಗಿಯ ಫ್ರಾಕು, ಟೋಪಿ ಕಿತ್ತುಕೊಂಡಿದ್ದಕ್ಕೆ 1789ರಲ್ಲಿ ಅವಳಿಗೆ ಗಲ್ಲು ವಿಧಿಸಿದರು. ಆಗಿನ್ನೂ ಹತ್ತು ದಾಟಿದ್ದಳು ಅಷ್ಟೇ. ಬುದ್ಧಿಭ್ರಮಣೆಯಿಂದ ಚೇತರಿಸಿಕೊಂಡ ಮೂರನೇ ಜಾರ್ಜ್ ದೊರೆಯ ಖುಷಿಗೆ ಅವಳ ಗಲ್ಲು ಗಡೀಪಾರಾಯಿತು! ಅವಳು 1859ರವರೆಗೆ ಬದುಕಿದಳು. 2007ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯಾದ ಕೆವಿನ್ ರಡ್ ಅವಳ ವಂಶದವರೇ.

ಮಕ್ಕಳನ್ನು ದೊಡ್ಡ ಕೈದಿಗಳ ಜೊತೆ ಇಡಬಾರದು ಅಂತ ಹೊಳೆಯೋದಕ್ಕೆ ದಶಕಗಳೇ ಹಿಡಿದವು. 1834ರಲ್ಲಿ ಈಗಿನ ಟಾಸ್ಮೇನಿಯಾದ ಪೋರ್ಟ್ ಆರ್ಥರ್ ಎಂಬ ಕೈದಿಗಳ ನೆಲೆಯ ಎದುರು ಪಾಯಿಂಟ್ ಪ್ಯುಯರ್ ಎಂಬ ಹುಡುಗರ ಜೈಲು ತೆರೆಯಿತು. 1849ರವರೆಗೆ ಸುಮಾರು 3,000 ಹುಡುಗರು ಅಲ್ಲಿದ್ದರು. ಮರಗೆಲಸ, ಕಲ್ಲುಗೆಲಸ, ಚಪ್ಪಲಿ ಹೊಲಿಯೋದು ಕಲಿಸುತ್ತಿದ್ದರು. ತಪ್ಪಿದರೆ ಏಟು, ಇಲ್ಲವೇ ಒಂಟಿ ಕೋಣೆ.

ಕರುಣೆಯ ಮಾತು ಎಷ್ಟೇ ಇರಲಿ, ಈ ಗಡೀಪಾರು ಪದ್ಧತಿಯನ್ನು ಶುರು ಮಾಡಿದ್ದೂ ನಿಲ್ಲಿಸಿದ್ದೂ ಬ್ರಿಟನ್ನಿನ ಅನುಕೂಲವೇ ಅಂತ ನನಗನಿಸುತ್ತದೆ. 1851ರಲ್ಲಿ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿತು. ಚಿನ್ನದ ನಾಡಿಗೆ ಸರ್ಕಾರಿ ಖರ್ಚಿನಲ್ಲಿ ಕಳಿಸಿದರೆ ಅದು ಯಾವ ಸೀಮೆ ಶಿಕ್ಷೆ? ಟಾಸ್ಮೇನಿಯಾಕ್ಕೆ ಸಾಗಿಸುವುದು 1853ರಲ್ಲಿ ನಿಂತಿತು. ಪಶ್ಚಿಮ ಆಸ್ಟ್ರೇಲಿಯಾಕ್ಕೆ ಮಾತ್ರ ಕೂಲಿಯಾಳುಗಳು ಬೇಕಿತ್ತು, ಅಲ್ಲಿಗೆ 1868ರವರೆಗೂ ಹಡಗು ಹೋಗುತ್ತಲೇ ಇತ್ತು.