ಸಾಲವೇ ಇಲ್ಲದ ಅಂಗಡಿಗೆ ತುರ್ತು ಸಾಲ ಸಿಗಲಿಲ್ಲ

2020ರ ಮಾರ್ಚ್ ಕೊನೆಯ ವಾರ, ಕೊರೋನಾ ಲಾಕ್‌ಡೌನ್ ಶುರುವಾಗಿತ್ತು. ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ಜೀನಸು ಅಂಗಡಿ ಇಟ್ಟುಕೊಂಡವರೊಬ್ಬರು ಫೋನ್ ಮಾಡಿದರು. "ಅಕ್ಕಾ, ವ್ಯಾಪಾರ ಯಾವತ್ತೂ ಇಷ್ಟು ಆದದ್ದಿಲ್ಲ. ಆದರೆ ನಾಳೆಗೆ ಅಕ್ಕಿ ತರಲು ಕೈಯಲ್ಲಿ ದುಡ್ಡಿಲ್ಲ" ಎಂದರು.

ಹೊರಗಿನವರಿಗೆ ಈ ಮಾತು ಅರ್ಥವಾಗುವುದು ಕಷ್ಟ. ವ್ಯಾಪಾರ ಜಾಸ್ತಿಯಾದರೆ ದುಡ್ಡೂ ಜಾಸ್ತಿಯಾಗಬೇಕಲ್ವಾ? ನಮ್ಮ ಗಡಿನಾಡಿನ ಅಂಗಡಿ ಹೇಗೆ ನಡೆಯುತ್ತದೆ ಎಂದು ಗೊತ್ತಿದ್ದವರಿಗೆ ಮಾತ್ರ ಇದು ತಿಳಿಯುತ್ತದೆ. ಅವರು ವರ್ಷಾನುಗಟ್ಟಲೆ ಮಂಗಳೂರಿನ ಬಂದರಿನ ರಖಂ ಅಂಗಡಿಯಿಂದ ಸರಕು ತರುತ್ತಿದ್ದವರು. ಕುಚಲಕ್ಕಿ, ಸಕ್ಕರೆ, ಬೇಳೆ ಎಲ್ಲವೂ ಇಪ್ಪತ್ತು ದಿನದ ಕಡಕ್ಕೆ. ಕಾಗದ ಪತ್ರ ಏನೂ ಇಲ್ಲ, ಮುಖ ಪರಿಚಯವೇ ಜಾಮೀನು. ಆ ವಾರ ಕೇರಳ-ಕರ್ನಾಟಕ ಗಡಿಯ ತಲಪಾಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಇಪ್ಪತ್ತು ದಿನದ ಕಡವೂ ಗಡಿಯ ಆಚೆಯೇ ಉಳಿಯಿತು.

ಸರಕು ಬೇಕೆಂದರೆ ಕಣ್ಣೂರು, ಕೋಝಿಕೋಡಿನ ಕಡೆ ನೋಡಬೇಕು. ಅಲ್ಲಿನ ರಖಂ ವ್ಯಾಪಾರಿಗೆ ಇವರು ಹೊಸಬರು. ಮೊದಲು ನಗದು, ಆಮೇಲೆ ಲೋಡು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಇತ್ತ ಗಿರಾಕಿಗಳಿಗೆ ಗಲ್ಫಿನಿಂದ ದುಡ್ಡು ಬರುವುದು ನಿಂತಿತ್ತು, ಕೂಲಿ ಕೆಲಸ ಇರಲಿಲ್ಲ. ಎಲ್ಲರದ್ದೂ "ಬರೆದಿಡಿ" ಎಂಬ ಒಂದೇ ಮಾತು. ಕೊಳ್ಳುವುದು ನಗದಿಗೆ, ಮಾರುವುದು ಕಡಕ್ಕೆ. ಮಾರಿದಷ್ಟೂ ದುಡ್ಡು ಪುಸ್ತಕದೊಳಗೆ ಸಿಕ್ಕಿಬಿತ್ತು.

ಮುಚ್ಚಿದ ಅಂಗಡಿಗಳ ಕಷ್ಟ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತೆರೆದಿದ್ದ ಅಂಗಡಿಗಳ ಕಷ್ಟ ಕಾಣಲಿಲ್ಲ. ಅವರಿಗೆ ಬೇಕಿದ್ದದ್ದು ಪರಿಹಾರ ಅಲ್ಲ, ಓಡಾಡುವ ದುಡ್ಡು.

ಮೇ 13ರಂದು ಕೇಂದ್ರ ಸರಕಾರ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆ ಪ್ರಕಟಿಸಿತು. ಇಸಿಎಲ್‌ಜಿಎಸ್ ಎಂದು ಬ್ಯಾಂಕಿನವರು ಕರೆಯುತ್ತಿದ್ದದ್ದು ಅದನ್ನೇ. ಯೋಜನೆ ಒಳ್ಳೆಯದೇ ಇತ್ತು. ಹೊಸ ಅಡಮಾನ ಬೇಡ. ಪೂರ್ತಿ ಖಾತರಿ ಸರಕಾರದ್ದು. ಬ್ಯಾಂಕುಗಳು ಬಡ್ಡಿಯನ್ನು ಶೇಕಡಾ 9.25ಕ್ಕಿಂತ ಮೇಲೆ ಹಾಕುವಂತಿರಲಿಲ್ಲ. ನಾಲ್ಕು ವರ್ಷದ ಅವಧಿ, ಮೊದಲ 12 ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ ಸಾಕಿತ್ತು.

ಆದರೆ ಮೊತ್ತ ಲೆಕ್ಕ ಹಾಕುವ ರೀತಿ ನೋಡಿ. 2020ರ ಫೆಬ್ರವರಿ 29ರಂದು ನಿಮ್ಮ ವ್ಯಾಪಾರದ ಸಾಲ ಎಷ್ಟು ಬಾಕಿ ಇತ್ತೋ ಅದರ ಶೇಕಡಾ 20. 3 ಲಕ್ಷ ಬಾಕಿ ಇದ್ದವರಿಗೆ 60,000. ಬಾಕಿ ಇಲ್ಲದವರಿಗೆ? ಸೊನ್ನೆಯ ಶೇಕಡಾ 20 ಸೊನ್ನೆಯೇ. ಬ್ಯಾಂಕಿಗೆ ಹೋಗದೆ, ರಖಂ ವ್ಯಾಪಾರಿಯ ನಂಬಿಕೆಯಲ್ಲೇ ಅಂಗಡಿ ನಡೆಸಿದವರು, "ನಮಗೆ ಒಂದು ರೂಪಾಯಿ ಸಾಲ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದವರು ಇದರಿಂದ ಹೊರಗುಳಿದರು. ಅವರಿಗೆ ಇದನ್ನು ಬಿಡಿಸಿ ಹೇಳುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತಿತ್ತು.

ಇನ್ನೊಂದು ವಿಷಯ. ಬಾಕಿ ಬೇರೆ, ಮಿತಿ ಬೇರೆ. ಕ್ಯಾಶ್ ಕ್ರೆಡಿಟ್ ಅಂದರೆ ಸಿ.ಸಿ., ಬ್ಯಾಂಕು ಹಾಕಿದ ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲದ ಖಾತೆ. ಅದರ ಮಿತಿ 5 ಲಕ್ಷ ಇದ್ದು, ಆ ದಿನ ಅದರಲ್ಲಿ ತೆಗೆದದ್ದು 1 ಲಕ್ಷ ಮಾತ್ರವಾಗಿದ್ದರೆ ಸಿಗುತ್ತಿದ್ದದ್ದು 20,000.

ಉಪ್ಪಳದವರ ಬಳಿ ಸಾಲ ಇರಲಿಲ್ಲ ಎಂದಲ್ಲ. ಹೆಂಡತಿಯ ಬಳೆಗಳನ್ನು ಅಡವಿಟ್ಟಿದ್ದರು. ಆದರೆ ಅದು ಅಡಕೆ ತೋಟದ ಜಾಗ ತೋರಿಸಿ ತೆಗೆದ ಕೃಷಿ ಚಿನ್ನದ ಸಾಲ. ಬಡ್ಡಿ ಕಮ್ಮಿ ಎಂದು ನಮ್ಮಲ್ಲಿ ಎಷ್ಟೋ ಜನ ಹೀಗೇ ಮಾಡುತ್ತಾರೆ. ದುಡ್ಡು ಅಂಗಡಿಗೇ ಹೋಗಿತ್ತು, ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಅದು ಬೇಸಾಯದ ಸಾಲ. ಹಾಗಾಗಿ ವ್ಯಾಪಾರದ ಲೆಕ್ಕಕ್ಕೆ ಹಿಡಿಯಲಿಲ್ಲ. ಕೊನೆಗೆ ಅವರನ್ನು ದಾಟಿಸಿದ್ದು ಮತ್ತಷ್ಟು ಚಿನ್ನವೇ. ಆ ವರ್ಷ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್, ಕೃಷಿಯೇತರ ಚಿನ್ನದ ಸಾಲವನ್ನು ಚಿನ್ನದ ಬೆಲೆಯ ಶೇಕಡಾ 75ರ ಬದಲು 90ರವರೆಗೆ ಕೊಡಬಹುದು ಎಂದಿತು. ಆ ಸಡಿಲಿಕೆ 2021ರ ಮಾರ್ಚ್ 31ರವರೆಗೆ ಇತ್ತು.

ಆಗ ರಿಸರ್ವ್ ಬ್ಯಾಂಕ್ ಕೊಟ್ಟಿದ್ದ, ಸಾಲದ ಕಂತು ಮುಂದೂಡುವ ಅವಕಾಶ ಬಳಸಿ ನೊಂದವರೂ ಇದ್ದಾರೆ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಆರು ತಿಂಗಳು ಕಂತು ಕಟ್ಟದಿದ್ದರೂ ಬಡ್ಡಿ ಓಡುತ್ತಲೇ ಇತ್ತು. 3 ಲಕ್ಷಕ್ಕೆ ಶೇಕಡಾ 10ರಂತೆ 15,000. ಮನ್ನಾ ಎಂದುಕೊಂಡವರಿಗೆ ಸೆಪ್ಟೆಂಬರಿನಲ್ಲಿ ಗೊತ್ತಾಯಿತು.

ಇಷ್ಟೆಲ್ಲದರ ನಡುವೆ ಸಣ್ಣ ಅಂಗಡಿಗಳಿಗೆ ನಿಜವಾಗಿ ದುಡ್ಡು ತಲುಪಿಸಿದ್ದರಲ್ಲಿ ಒಂದು, ಅಂಗಡಿಗಳಿಗೆಂದು ಮಾಡಿದ್ದೇ ಅಲ್ಲ. ಕೇರಳದ ಹೆಂಗಸರ ಸ್ವಸಹಾಯ ಸಂಘವಾದ ಕುಟುಂಬಶ್ರೀ ಗುಂಪಿನವರಿಗೆ ತಲಾ 20,000 ರೂಪಾಯಿವರೆಗೆ ಸಾಲ ಸಿಕ್ಕಿತು, ಬಡ್ಡಿಯನ್ನು ಕೇರಳ ಸರಕಾರ ಹೊತ್ತುಕೊಂಡಿತು. ಆ ಹೆಂಗಸರಲ್ಲಿ ಹಲವರು ಮೊದಲು ಹೋದದ್ದು ಅಂಗಡಿಯ ಹಳೇ ಬಾಕಿ ತೀರಿಸಲು. ಗಿರಾಕಿಯ ಕೈಗೆ ಕೊಟ್ಟ ದುಡ್ಡು ಅಂಗಡಿಯ ಪುಸ್ತಕಕ್ಕೆ ಜಮೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನನ್ನ ಹತ್ತಿರ ಬರುವವರಿಗೆ ನಾನು ಹೇಳುವುದು: ಕಷ್ಟ ಇಲ್ಲದಾಗಲೇ ಒಂದು ಸಣ್ಣ ಸಿ.ಸಿ. ಖಾತೆ ಮಾಡಿಸಿಡಿ. ಎರಡೋ ಮೂರೋ ಲಕ್ಷ ಸಾಕು. ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಕೇಂದ್ರದ ಮುದ್ರಾ ಯೋಜನೆಯಲ್ಲಿ ಅಡಮಾನ ಇಲ್ಲದೆಯೂ ಕೇಳಬಹುದು. ಬಳಸಿದಷ್ಟಕ್ಕೇ ಬಡ್ಡಿ. ಆದರೆ ಸುಮ್ನೆ ಇಟ್ಟರೆ ಆಗದು, ದಿನದ ವ್ಯಾಪಾರ ಅದರೊಳಗೆ ಓಡಾಡಬೇಕು. ಅಂಗಡಿಯ ಕ್ಯೂಆರ್ ಬೋರ್ಡು ಮಗನ ಉಳಿತಾಯ ಖಾತೆಗೆ ಹೋಗುತ್ತಿದ್ದರೆ ಇವತ್ತೇ ಬದಲಿಸಿ. ನಿಮ್ಮ ವ್ಯಾಪಾರ ಎಷ್ಟಿದೆ ಎಂದು ಬ್ಯಾಂಕಿಗೆ ಕಾಣಬೇಕು. ಮಗನ ಖಾತೆಯಲ್ಲಿ ಅದು ಕಾಣುವುದಿಲ್ಲ.

ಸಣ್ಣ ಉದ್ಯಮವೆಂದು ಸರಕಾರದಲ್ಲಿ ದಾಖಲಿಸುವ ಉದ್ಯಮ್ ನೋಂದಣಿಯೂ ಇರಲಿ. ಚಿಲ್ಲರೆ, ರಖಂ ವ್ಯಾಪಾರಿಗಳನ್ನು 2017ರಲ್ಲಿ ಸಣ್ಣ ಉದ್ಯಮಗಳ ಪಟ್ಟಿಯಿಂದ ತೆಗೆದಿದ್ದರು. 2021ರ ಜುಲೈಯಲ್ಲಿ ಮತ್ತೆ ಸೇರಿಸಿದರು, ಅದೂ ಆದ್ಯತಾ ವಲಯದ ಸಾಲಕ್ಕೆ, ಅಂದರೆ ಬ್ಯಾಂಕುಗಳು ಕೆಲವು ವರ್ಗಗಳಿಗೆ ಇಂತಿಷ್ಟು ಕೊಡಲೇಬೇಕಾದ ಸಾಲಕ್ಕೆ ಮಾತ್ರ. ಸರಕಾರದ ಜಾಲತಾಣದಲ್ಲಿ ಆಧಾರ್, ಪ್ಯಾನ್ ನಂಬರ್ ಹಾಕಿ ಮಾಡಬಹುದು, ಪೂರ್ತಿ ಉಚಿತ. ಇದಕ್ಕೆ ಎರಡು ಸಾವಿರ ಕೊಟ್ಟು ಬಂದವರನ್ನು ನೋಡಿದ್ದೇನೆ, ದಯವಿಟ್ಟು ಕೊಡಬೇಡಿ.

ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರು ಪಿಗ್ಮಿಯಿಂದ ಶುರು ಮಾಡಬಹುದು. 1928ರಲ್ಲಿ ಉಡುಪಿಯಲ್ಲಿ ಹುಟ್ಟಿದ ಉಳಿತಾಯ ಪದ್ಧತಿ ಅದು, ದಿನಾ ಏಜೆಂಟರು ಅಂಗಡಿಗೇ ಬಂದು ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಪಿಗ್ಮಿಯ ಮೇಲೆ ಸಾಲವೂ ಸಿಗುತ್ತದೆ. ಉಪ್ಪಳದವರು ಹಾಗೇ ಶುರು ಮಾಡಿದರು. ಸಿ.ಸಿ. ಅರ್ಜಿಯ ದಿನ ನಾನೂ ಜೊತೆಗೆ ಹೋಗಿದ್ದೆ. ಅರ್ಜಿ ಇದ್ದದ್ದು ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ. ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ ಮೇಲೆಯೇ ಅವರು ಸಹಿ ಹಾಕಿದರು.