ಮೂರು ಮಿಲಿಮೀಟರಿಗೆ ಆರು ಚೌಕ

ನಮ್ಮ ಚಿಕ್ಕಪ್ಪ ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. 2016ರಲ್ಲಿ ಹೃದಯದ ರಕ್ತನಾಳಕ್ಕೆ ಎರಡು ಸ್ಟೆಂಟ್, ಅಂದರೆ ದಾರಿ ಮುಚ್ಚದಂತೆ ಹಿಡಿಯುವ ಲೋಹದ ಜಾಲರಿ ಕೊಳವೆ, ಹಾಕಿಸಿಕೊಂಡರು. ಮರುವರ್ಷದ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿತ ಸ್ಟೆಂಟಿನ ಬೆಲೆಯನ್ನು 29,600 ರೂಪಾಯಿಗೆ ಕಟ್ಟಿಹಾಕಿತು. ಒಂದು ವರ್ಷ ತಡೆದಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬ ಲೆಕ್ಕ ಅವರ ಬಾಯಲ್ಲಿ ಈಗಲೂ ಇದೆ.

ಹೋದ ಮಳೆಗಾಲದಲ್ಲಿ ಡೊಂಬಿವಲಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಎದೆ ಬಿಗಿದ ಹಾಗಾಯಿತು ಅಂದರು. ನಿಂತರೆ ಹೋಗುತ್ತದೆ, ಹತ್ತಿದರೆ ಮತ್ತೆ ಬರುತ್ತದೆ. ಸ್ಟೆಂಟಿನೊಳಗೆ ಹೊಸ ಅಂಗಾಂಶ ಬೆಳೆದು ದಾರಿ ಕಿರಿದಾಗುವುದುಂಟು. ಲೇಪನವಿಲ್ಲದ ಹಳೆಯ ಸ್ಟೆಂಟುಗಳಲ್ಲಿ ನೂರಕ್ಕೆ 20–30 ಜನರಿಗೆ ಹೀಗಾಗುತ್ತಿತ್ತು, ಔಷಧ ಲೇಪಿತದಲ್ಲಿ ಹತ್ತಕ್ಕಿಂತ ಕಡಿಮೆ. ಮೊದಲಾಗಿದ್ದರೆ ಕೈಯಿಂದಲೋ ತೊಡೆಯಿಂದಲೋ ನಳಿಕೆ ತೂರಿಸಿ ಆಂಜಿಯೋಗ್ರಫಿ ಮಾಡಿಯೇ ನೋಡುತ್ತಿದ್ದರು. ಈ ಸಲ ಡಾಕ್ಟರು ಮೊದಲು ಕೇಳಿದ್ದು, "ಸ್ಟೆಂಟ್ ಕಾರ್ಡ್ ಇದೆಯಾ?"

ಇತ್ತು. ಪರ್ಸಿನಲ್ಲಿ, ಲೋಕಲ್ ಟ್ರೇನಿನ ಪಾಸಿನ ಹಿಂದೆ, ಅಂಚು ಸವೆದು ಬೆಳ್ಳಗಾದ ಕಾರ್ಡು. ಒಂದು ಸ್ಟೆಂಟಿನ ಅಡ್ಡಳತೆ 3.0 ಮಿ.ಮೀ., ಇನ್ನೊಂದರದು 2.5. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಓದಿ, "ಸಿಟಿ ಮಾಡಿಸೋಣ. ಒಂದರ ಮಟ್ಟಿಗಾದರೂ ಉತ್ತರ ಸಿಗುತ್ತದೆ" ಅಂದರು. ಸಿಟಿ ಅಂದರೆ ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಕಂಪ್ಯೂಟರಿನಲ್ಲಿ ಒಳಗಿನ ಚಿತ್ರ ಕಟ್ಟುವ ಸ್ಕ್ಯಾನ್.

ಅರ್ಧ ಮಿಲಿಮೀಟರಿನಲ್ಲಿ ಅಂಥದ್ದೇನಿದೆ ಎಂದು ನನಗೂ ಅನಿಸಿತ್ತು. ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಈಗಿನ ಸ್ಟೆಂಟಿನ ತಂತಿಯ ದಪ್ಪ ಸುಮಾರು 80 ಮೈಕ್ರಾನ್, ಅಂದರೆ ತಲೆಗೂದಲಿನಷ್ಟು. ಸಾಮಾನ್ಯ ಸಿಟಿ ಯಂತ್ರ ಗುರುತಿಸುವ ಅತಿ ಚಿಕ್ಕ ಚೌಕ ಸುಮಾರು ಅರ್ಧ ಮಿಲಿಮೀಟರ್, 500 ಮೈಕ್ರಾನ್. ಚೌಕದ ಒಂದು ಮೂಲೆಯಲ್ಲಿ ಕೂದಲಿನಷ್ಟು ಲೋಹ ಇದ್ದರೂ ಇಡೀ ಚೌಕ ಬೆಳ್ಳಗೆ ಕಾಣುತ್ತದೆ. ಮೂರು ಮಿಲಿಮೀಟರಿನ ಸ್ಟೆಂಟಿನ ಅಡ್ಡಕ್ಕೆ ಬರುವುದೇ ಆರು ಚೌಕ. ಎರಡು ಅಂಚಿನವು ಲೋಹದ ಪಾಲಾದರೆ ಉಳಿಯುವುದು ನಾಲ್ಕು. ಎರಡೂವರೆಯದಾದರೆ ಮೂರು. ಮಳೆಯ ರಾತ್ರಿ ಪ್ಲಾಟ್‌ಫಾರ್ಮಿಗೆ ಬರುವ ಲೋಕಲ್‌ನ ದೀಪ ನೋಡಿ: ದೀಪ ಇರುವುದು ಬೋಗುಣಿಯಷ್ಟೇ, ಕಾಣುವುದು ಡಬ್ಬಿಯ ಮುಖವನ್ನೆಲ್ಲ ಮುಚ್ಚುವಷ್ಟು. ಸಿಟಿಯಲ್ಲಿ ಲೋಹವೂ ಹೀಗೇ ಉಬ್ಬಿ ರಕ್ತನಾಳದ ಒಳಗನ್ನು ತಿಂದುಹಾಕುತ್ತದೆ.

ಇದರ ಮೇಲೆ ಇನ್ನೊಂದು ಮೋಸವಿದೆ. ಎಕ್ಸ್‌ರೇ ಕಿರಣದಲ್ಲಿ ಹೆಚ್ಚು ಶಕ್ತಿಯವೂ ಕಡಿಮೆ ಶಕ್ತಿಯವೂ ಬೆರೆತಿರುತ್ತವೆ. ಲೋಹ ಕಡಿಮೆ ಶಕ್ತಿಯವನ್ನು ಹೀರಿ ಹೆಚ್ಚು ಶಕ್ತಿಯವನ್ನು ಬಿಡುತ್ತದೆ. ಕಂಪ್ಯೂಟರಿನ ಲೆಕ್ಕ ಅಲ್ಲಿ ತಪ್ಪಿ, ಸ್ಟೆಂಟಿನೊಳಗೆ ಇಲ್ಲದ ಕಪ್ಪು ಛಾಯೆ ಮೂಡುತ್ತದೆ. ನಿಜವಾಗಿ ಬ್ಲಾಕ್ ಆದರೂ ಕಾಣುವುದು ಕಪ್ಪಾಗಿಯೇ! ಆದ್ದರಿಂದ ಸಿಟಿ "ದಾರಿ ತೆರೆದಿದೆ" ಅಂದರೆ ಸಾಮಾನ್ಯವಾಗಿ ನಂಬಬಹುದು, "ಕಟ್ಟಿದೆ" ಅಂದಾಗ ಇನ್ನೊಮ್ಮೆ ಯೋಚಿಸಬೇಕು.

ಸಾಲದ್ದಕ್ಕೆ ಹೃದಯ ಸುಮ್ಮನಿರುವುದಿಲ್ಲ. 2005ರ ಸುಮಾರಿಗೆ ಒಂದೇ ಯಂತ್ರದಲ್ಲಿ ಎರಡು ಎಕ್ಸ್‌ರೇ ಕೊಳವೆ ಕೂರಿಸಿ, 83 ಮಿಲಿಸೆಕೆಂಡಿನಲ್ಲಿ ಚಿತ್ರ ಹಿಡಿಯುವಂತಾಯಿತು. 2007ರಲ್ಲಿ ಬಂದ, ಕಿರಣ ಹಿಡಿಯುವ ಸಂವೇದಕಗಳ 320 ಸಾಲಿನ ಯಂತ್ರ ಒಂದೇ ಸುತ್ತಿನಲ್ಲಿ 16 ಸೆಂ.ಮೀ. ಅಗಲ, ಅಂದರೆ ಇಡೀ ಹೃದಯವನ್ನು ನೋಡಿತು. ಆದರೂ ನಾಡಿ ಇಳಿಸಲೇಬೇಕು. ಚಿಕ್ಕಪ್ಪನದು 84 ಇತ್ತು. ಮೆಟೊಪ್ರೊಲಾಲ್ ಗುಳಿಗೆ ಕೊಟ್ಟು ಒಂದು ಗಂಟೆ ಕೂರಿಸಿದರು, 62ಕ್ಕೆ ಬಂತು. ನಾಲಿಗೆಯಡಿ ರಕ್ತನಾಳ ಹಿಗ್ಗಿಸುವ ನೈಟ್ರೇಟ್, ತೋಳಿನ ನರಕ್ಕೆ ಅಯೋಡಿನ್ ಬಣ್ಣ, "ಸಾಂಸ್ ರೋಕಿಯೇ" (ಉಸಿರು ಹಿಡಿಯಿರಿ) ಎಂಬ ಧ್ವನಿ, ಮುಗಿಯಿತು. ಹೊರಗೆ ಬಂದವರು ಮೆಲ್ಲಗೆ, "ಮೈಯೆಲ್ಲ ಬಿಸಿಯಾಯ್ತು ಮಾರಾಯ, ಚಡ್ಡಿ ಒದ್ದೆಯಾಯ್ತೋ ಏನೋ ಅಂತ ಹೆದರಿಬಿಟ್ಟೆ" ಅಂದರು. ಬಣ್ಣ ಒಳಗೆ ಹೋದಾಗ ಬಹುತೇಕ ಎಲ್ಲರಿಗೂ ಹಾಗೇ ಆಗುತ್ತದೆ. ನಮಗೆ ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೆ.

ಚೌಕವನ್ನೇ ಚಿಕ್ಕದು ಮಾಡಿದರಾಗದೇ? ಹಳೆಯ ವಿಧಾನದಲ್ಲಿ ಅದು ಸುಲಭವಲ್ಲ. ಅಲ್ಲಿ ಎಕ್ಸ್‌ರೇ ಮೊದಲು ಬೆಳಕಾಗಿ, ಆ ಬೆಳಕು ವಿದ್ಯುತ್ತಾಗಬೇಕು. ಒಂದು ಚೌಕದ ಬೆಳಕು ಪಕ್ಕದ್ದಕ್ಕೆ ಸೋರದಂತೆ ನಡುವೆ ಗೋಡೆ ಬೇಕು. ಚೌಕ ಚಿಕ್ಕದಾದಷ್ಟೂ ಗೋಡೆಯೇ ಜಾಗ ತಿನ್ನುತ್ತದೆ. ಗೋಡೆಗೆ ಬಿದ್ದ ಕಿರಣ ರೋಗಿಯ ಮೈಗೆ ತಾಗಿಯೂ ದಂಡ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ, ಫೋಟಾನ್ (ಎಕ್ಸ್‌ರೇಯ ಒಂದೊಂದು ಕಣ) ಎಣಿಸುವ ಸಿಟಿ ಈ ಕಗ್ಗಂಟನ್ನು ಬಿಡಿಸಿತು. ಅದರ ಕ್ಯಾಡ್ಮಿಯಂ ಟೆಲ್ಯುರೈಡ್ ಹರಳು ಎಕ್ಸ್‌ರೇಯನ್ನು ನೇರ ವಿದ್ಯುತ್ತಾಗಿ ಮಾಡುತ್ತದೆ. ನಡುವಿನ ಬೆಳಕೂ ಇಲ್ಲ, ಗೋಡೆಯೂ ಇಲ್ಲ. ಚೌಕ 0.2 ಮಿ.ಮೀ.ಗೆ ಇಳಿಯಿತು; ಮೂರು ಮಿಲಿಮೀಟರಿಗೆ ಆರರ ಬದಲು ಹದಿನೈದು!

ಎಣಿಸುವುದು ಅಂದರೇನು ಎಂದು ಚಿಕ್ಕಪ್ಪನಿಗೆ ಗಲ್ಲಾದ ಭಾಷೆಯಲ್ಲೇ ಹೇಳಿದೆ. ಹಳೆಯದು ಚಿಲ್ಲರೆ ಚೀಲವನ್ನು ತೂಗಿ ಮೊತ್ತ ಹೇಳುವ ಹಾಗೆ. ಭಾರದ ನಾಣ್ಯದ್ದೇ ದರ್ಬಾರು. ಹೊಸದು ಒಂದೊಂದೇ ನಾಣ್ಯ ಎತ್ತಿ, ಇದು ಒಂದು ರೂಪಾಯಿ, ಇದು ಐದು ಎಂದು ಬೇರೆ ಹಾಕುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿನ ಸಂಕೇತವನ್ನು ಗದ್ದಲವೆಂದು ಬಿಟ್ಟೇಬಿಡುತ್ತದೆ. ಅಯೋಡಿನ್ ಬಣ್ಣ ಚೆನ್ನಾಗಿ ಕಾಣುವುದು ಕಡಿಮೆ ಶಕ್ತಿಯ ಕಿರಣಗಳಲ್ಲಿ. ಅವಕ್ಕೂ ಈಗ ಸಮಪಾಲು ಸಿಗುವುದರಿಂದ ರಕ್ತದ ದಾರಿ ಎದ್ದು ಕಾಣುತ್ತದೆ. "ಹಾಗಾದ್ರೆ ಖೋಟಾ ನಾಣ್ಯನೂ ಸಿಕ್ಕಿಬೀಳುತ್ತೆ" ಅಂದರು.

ಚಿಕ್ಕಪ್ಪ ಮಲಗಿದ್ದು ಅಂಥ ಯಂತ್ರದಲ್ಲಲ್ಲ. 3 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ಸ್ಟೆಂಟಿಗೆ ಸಿಟಿ ಆಗಬಹುದು ಎಂದು ಅಮೆರಿಕದ ಹೃದ್ರೋಗ ತಜ್ಞರ 2021ರ ಮಾರ್ಗಸೂಚಿ ಹೇಳಿದ್ದು ಇಂಥ ಸಾಮಾನ್ಯ ಯಂತ್ರಗಳ ಅನುಭವದ ಮೇಲೆಯೇ. ಸಂಜೆ ಬಂದ ರಿಪೋರ್ಟಿನಲ್ಲಿ ಮೂರರ ಸ್ಟೆಂಟ್ ತೆರೆದಿದೆ ಎಂದಿತ್ತು. ಎರಡೂವರೆಯದರ ಎದುರು, ಲೋಹದ ಹೊಳಪಿನಿಂದಾಗಿ ಒಳಭಾಗ ನಿರ್ಧರಿಸಲಾಗದು ಎಂದು. ನನಗೆ ಆ ಸಾಲೇ ಹಿಡಿಸಿತು. ಊಹಿಸಿ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಮುಂದಿನ ವಾರ ಹೃದಯಕ್ಕೆ ಶ್ರಮ ಕೊಟ್ಟು ನೋಡುವ ಸ್ಟ್ರೆಸ್ ಟೆಸ್ಟ್, ಬೇಕೆನಿಸಿದರೆ ಮಾತ್ರ ಆಂಜಿಯೋ ಎಂದು ಡಾಕ್ಟರು ಬರೆದುಕೊಟ್ಟರು.

"ಅಂದ್ರೆ ಒಂದು ಬಿಲ್ಲು ಟ್ಯಾಲಿ ಆಯ್ತು, ಇನ್ನೊಂದು ಬಾಕಿ" ಅಂದು ಚಿಕ್ಕಪ್ಪ ಕಾರ್ಡನ್ನು ಪಾಸಿನ ಹಿಂದೆ ಸಿಕ್ಕಿಸಿಕೊಂಡರು.